ಕಮಲಾಪುರದ ಹಾದಿಯಲ್ಲಿ ಒಂದು ತರ್ಕಪಾಠ

ಕಲಬುರಗಿಗೆ ಬಂದ ಪ್ರವಾಸಿಗರು ಮೂರು ಸ್ಥಳಗಳನ್ನು ನೋಡಿ ಹಿಂದಿರುಗುವುದು ವಾಡಿಕೆ. ಮೊದಲನೆಯದು 1347ರಲ್ಲಿ ಬಹಮನಿ ಅರಸರ ರಾಜಧಾನಿಯಾದ ಕೋಟೆ ಮತ್ತು ಅದರೊಳಗೆ 1367ರಲ್ಲಿ ನಿರ್ಮಿತವಾದ, ತೆರೆದ ಅಂಗಳವಿಲ್ಲದೆ ಪೂರ್ತಿಯಾಗಿ ಛಾವಣಿ ಹೊದ್ದ ಜಾಮಿ ಮಸೀದಿ. ಎರಡನೆಯದು ಖ್ವಾಜಾ ಬಂದೇ ನವಾಜರ ದರ್ಗಾ. ಮೂರನೆಯದು ಶರಣಬಸವೇಶ್ವರರ ಗುಡಿ. ನಾವು ಈ ಊರಿನಲ್ಲಿಯೇ ಮಕ್ಕಳಿಗೆ ಸಂಸ್ಕೃತವನ್ನು ಬೋಧಿಸಿ ವಿಶ್ರಾಂತರಾದವರು. ಇವೆಲ್ಲವನ್ನೂ ಅನೇಕ ಬಾರಿ ನೋಡಿದ್ದೆವಾದರೂ, ಅನತಿದೂರದ ಕಮಲಾಪುರದ ಕೆಂಬಾಳೆಯ ತೋಟಗಳನ್ನು ಮಾತ್ರ ಕಣ್ಣಾರೆ ಕಂಡವರಲ್ಲ. ಅರವತ್ತು ವರ್ಷ ತುಂಬಿದ ಮೇಲೆ ಇಂಥ ಬಯಕೆಗಳನ್ನು ಮುಂದಕ್ಕೆ ಹಾಕುವುದು ಜಾಣತನವಲ್ಲ.

ಅನುಕೂಲವೂ ತಾನಾಗಿಯೇ ಒದಗಿತು. ನಮ್ಮ ಹಳೆಯ ಶಿಷ್ಯನೊಬ್ಬನು ಸ್ವಂತದ್ದೊಂದು ಹಳೆಯ ಡೀಸೆಲ್ ಲಾರಿಯನ್ನಿಟ್ಟುಕೊಂಡು ಬಾಳೆಯ ಗೊನೆಗಳನ್ನು ನಗರಕ್ಕೆ ಸಾಗಿಸಿ ಜೀವನ ನಡೆಯಿಸುತ್ತಿರುವನು. ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು, ಶಬ್ದರೂಪಗಳನ್ನು ಕೇಳಿದಾಗಲೆಲ್ಲ ತಲೆ ತಗ್ಗಿಸುತ್ತಿದ್ದ ಹುಡುಗನವನು. ದಾರಿಯಲ್ಲಿ ನಮ್ಮನ್ನು ಕಂಡು, "ಗುರುಗಳೇ, ನಾಳಿ ಮುಂಜಾನಿ ಖಾಲಿ ಗಾಡಿ ಹೊಂಟದ, ಬರ್ರಿ. ಸಂಜಿಕಡೆ ಹೊಳ್ಳಿ ಬರೋಣು" ಎಂದನು. ನಾವು ಒಪ್ಪಿದೆವು.

ಪುಷ್ಯಮಾಸದ ಚಳಿಯಲ್ಲಿ ಹೊರಟೆವು. ನೆಹರೂ ಗಂಜಿನಲ್ಲಿ ಹೊಸ ತೊಗರಿಯ ಚೀಲಗಳು ರಾಶಿ ಬಿದ್ದಿದ್ದವು. ಹುಮನಾಬಾದ್ ರಸ್ತೆಯನ್ನು ಹಿಡಿದು ಊರು ದಾಟಿದೊಡನೆ ಇಕ್ಕೆಲಗಳಲ್ಲಿಯೂ ಎರೆಯ ಕರಿಯ ಹೊಲಗಳು, ಕೊಯ್ದು ಉಳಿದ ತೊಗರಿಯ ಕೂಳೆಗಳು. ಮಹಾಗಾಂವ ಕ್ರಾಸನ್ನು ಕಳೆದು ಮುಂದೆ ಸಾಗಿದಂತೆ ಮಣ್ಣಿನ ಬಣ್ಣವು ಕೆಂಪಿಗೆ ತಿರುಗುವುದು. ನೆಲವು ಗುಡ್ಡ ತಗ್ಗುಗಳಾಗಿ ಒಡೆಯುವುದು. ಆ ಕೆಮ್ಮಣ್ಣಿನ ಸೀಮೆಯೇ ಕಮಲಾಪುರ. ಅಲ್ಲಿಯ ಬಾಳೆಯ ಸಿಪ್ಪೆ ದಪ್ಪವಾಗಿ ತಾಮ್ರವರ್ಣದ್ದಾಗಿರುವುದು. ಒಳಗಣ ತಿರುಳು ನಸುಹಳದಿ. ಸಾಧಾರಣ ಬಾಳೆಯು ಒಂದು ವರ್ಷದೊಳಗಾಗಿ ಫಲ ಕೊಟ್ಟರೆ, ಇದಕ್ಕೆ ಸುಮಾರು ಒಂದೂವರೆ ವರ್ಷ ಕಾಯಬೇಕು. ಬೆಲೆ ಹೆಚ್ಚಾಗಿರುವುದು ಅದಕ್ಕೋಸ್ಕರವೇ. ಈ ಹಣ್ಣಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ತೋಟದ ನೆರಳಿನಲ್ಲಿ ಕುಳಿತು ಎರಡು ಹಣ್ಣುಗಳನ್ನು ತಿಂದೆವು, ಬಂದುದು ಸಾರ್ಥಕವಾಯಿತೆನಿಸಿತು.

ಮಧ್ಯಾಹ್ನದ ಮೇಲೆ ಗೊನೆಗಳನ್ನು ಹೇರಿಕೊಂಡು ಹಿಂದಿರುಗಿದೆವು. ಬೆಳಗಿನಲ್ಲಿ ಸಲೀಸಾಗಿ ಬಂದಿದ್ದ ಲಾರಿಯು ಗುಡ್ಡದ ಏರಿನಲ್ಲಿ ಕ್ರಮೇಣ ಸೊರಗಿ, ಒಂದೆರಡು ಸಲ ಜಗ್ಗಿ, ನಿಂತೇಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡಿದರೆ ನಿಂತಲ್ಲಿ ಶಾಂತವಾಗಿ ಗುಡುಗುಟ್ಟುವುದು; ಏರಿಗೆ ಹಚ್ಚಿದರೆ ಮತ್ತೆ ಉಸಿರು ಕಳೆದುಕೊಳ್ಳುವುದು.

ಶಿಷ್ಯನ ಮುಖ ಬಾಡಿತು. ಹಿಂದಿನ ವಾರವೂ ಹೀಗೆಯೇ ಆಗಿತ್ತಂತೆ. ಒಂದು ದುರಸ್ತಿಯ ಅಂಗಡಿಯವರು ಬಿಚ್ಚಿ ನೋಡದೆಯೇ, "ದೊಡ್ಡ ಪಂಪು ಹೋಗಿದೆ, ಬದಲಿಸಬೇಕು" ಎಂದು ಹೇಳಿದ್ದರು. ಅದಕ್ಕೆ ತಗಲುವ ಹಣ ಅವನ ಎರಡು ತಿಂಗಳ ದುಡಿಮೆ. ಹೆಂಡತಿಯ ಬಳೆಗಳನ್ನು ಅಡವಿಡುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತು.

ನಾವಾದರೋ ಸುಮ್ಮನಿರಲಾರದೆ, "ಬೆಳಿಗ್ಗೆ ಎಣ್ಣೆ ಹಾಕಿಸಿದೆಯಲ್ಲ ತಮ್ಮಾ, ಅದು ಕಲಬೆರಕೆಯೇ ಸರಿ, ಸಂಶಯವೇ ಬೇಡ" ಎಂದು ತೀರ್ಪಿತ್ತೆವು. ಅವನು ವಿನಯದಿಂದಲೇ, "ಇದ್ರೂ ಇರಬಹುದ್ರಿ ಗುರುಗಳೇ. ಆದ್ರ ನೋಡದಂಗ ಹ್ಯಾಂಗ ಅನ್ನೋದು?" ಎಂದನು. ಆ ಮಾತು ನಮ್ಮನ್ನು ಚುಚ್ಚಿತು. ಅವನು ತೋಳು ಮಡಿಚಿ ಕೆಲಸಕ್ಕಿಳಿದನು.

ಇಲ್ಲಿ ವಾಚಕರಿಗೆ ಯಂತ್ರದ ಸ್ವರೂಪವನ್ನು ತುಸು ವಿವರಿಸುವುದು ಅವಶ್ಯ. ರುಡಾಲ್ಫ್ ಡೀಸೆಲ್ ಎಂಬ ಜರ್ಮನಿಯ ವಿದ್ವಾಂಸನು 1897ರಲ್ಲಿ ಸಿದ್ಧಿಗೆ ತಂದ ಈ ಎಂಜಿನಿನಲ್ಲಿ ಕಿಡಿ ಹೊತ್ತಿಸುವ ಉಪಕರಣವಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವಿನಿಂದಲೇ ಎಣ್ಣೆಯು ಉರಿಯುವುದು. ಎಣ್ಣೆಯನ್ನು ಸಿಂಪಡಿಸಲು ಭಾರಿ ಒತ್ತಡದ ದೊಡ್ಡ ಪಂಪೊಂದು ಬೇಕು. ಟ್ಯಾಂಕಿನಿಂದ ಎಣ್ಣೆಯನ್ನು ಎಳೆದು, ಶೋಧಕದ ಮೂಲಕ ದೊಡ್ಡ ಪಂಪಿಗೆ ಒಪ್ಪಿಸುವ ಚಿಕ್ಕ ಪಂಪು ಬೇರೆಯೇ ಇರುವುದು; ಅದಕ್ಕೆ ಚಾಲಕರು ಫೀಡ್ ಪಂಪು ಎನ್ನುವರು. ಗೃಹಿಣಿಯರಿಗೆ ತಿಳಿಯುವಂತೆ ಹೇಳುವುದಾದರೆ, ದೊಡ್ಡ ಪಂಪು ಅಡಿಗೆಯವನು, ಚಿಕ್ಕದು ಬಾವಿಯಿಂದ ನೀರು ತರುವವನು. ನೀರೇ ಒಳಗೆ ಬಾರದಿದ್ದರೆ ಅಡಿಗೆಯವನನ್ನು ಬಿಡಿಸಿ ಫಲವೇನು? ನಾಲ್ಕು ಜನರ ಅಡಿಗೆಗೆ ಸಾಲುವ ನೀರು ನಲವತ್ತು ಜನರ ಊಟಕ್ಕೆ ಸಾಲದು. ಖಾಲಿ ಲಾರಿ ಓಡಿ, ತುಂಬಿದ ಲಾರಿ ಏರಿನಲ್ಲಿ ನಿಲ್ಲುವುದು ಹೀಗೆಯೇ.

ಶಿಷ್ಯನು ಮೊದಲು ಹೊಗೆಯ ಮಾತೆತ್ತಿದನು. "ಕರೀ ಹೊಗಿ ಬಿಟ್ಟು ಸತ್ತಿದ್ರ ಗಾಳಿ ಸಾಲಲಿಲ್ಲ ಅಂತ ತಿಳೀಬೇಕ್ರಿ. ಇದು ಹೊಗಿನೇ ಬಿಡದಂಗ ಸೊರಗಿ ನಿಂತದ. ಎಣ್ಣಿನೇ ಸಿಗವಲ್ದು." ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ನ್ಯಾಯಶಾಸ್ತ್ರದ ಹಳೆಯ ದೃಷ್ಟಾಂತ, ನಾವು ಅದನ್ನು ಎಷ್ಟು ಸಲ ಪಾಠ ಹೇಳಿದ್ದೆವೋ! ಈತನು ಬೆಟ್ಟದ ಮೇಲೆ ಹೊಗೆಯಿಲ್ಲದುದನ್ನು ಕಂಡು ಎಣ್ಣೆಯ ಕೊರತೆಯನ್ನು ಊಹಿಸಿದನು.

ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದನು. ಗಾಳಿಯನ್ನು ಒಳಗೆ ಹೀರುವ ಸದ್ದಾಗಲಿಲ್ಲ. ಆದುದರಿಂದ ಗಾಳಿಯ ರಂಧ್ರ ಕಟ್ಟಿರಲಿಲ್ಲ. ಎಣ್ಣೆ ಬೇಕಾದಷ್ಟಿತ್ತು. ಶೋಧಕವನ್ನು ಹಿಂದಿನ ವಾರವೇ ಬದಲಿಸಿದ್ದನು. ಶೋಧಕದ ಮೇಲಣ ತಿರುಪನ್ನು ಸಡಿಲಿಸಿ, ಫೀಡ್ ಪಂಪಿನ ಕೈಗುಂಡಿಯನ್ನು ಒತ್ತತೊಡಗಿದನು. ಗುಳ್ಳೆಗಳು ಬರಲಿಲ್ಲ, ನಳಿಗೆಯಲ್ಲಿ ಗಾಳಿ ಸೇರುತ್ತಿಲ್ಲವೆಂದಾಯಿತು. ಆದರೆ ಎಷ್ಟು ಒತ್ತಿದರೂ ಕೈಗೆ ಬಿಗಿ ಹತ್ತಲಿಲ್ಲ. ಎಣ್ಣೆಯು ಜಿನುಗಿತೇ ಹೊರತು ಚಿಮ್ಮಲಿಲ್ಲ.

ಈಗ ಉಳಿದುವು ಎರಡೇ: ಟ್ಯಾಂಕಿನಿಂದ ಬರುವ ನಳಿಗೆ ಕಟ್ಟಿರಬೇಕು, ಇಲ್ಲವೇ ಫೀಡ್ ಪಂಪೇ ಸೋತಿರಬೇಕು. ಅವನು ಟ್ಯಾಂಕಿನಿಂದಲೇ ಒಂದು ಡಬ್ಬಿಯಷ್ಟು ಎಣ್ಣೆಯನ್ನು ಇಳಿಸಿಕೊಂಡು ಪಂಪಿನ ಪಕ್ಕದಲ್ಲಿಟ್ಟು, ಹಳೆಯ ನಳಿಗೆಯನ್ನು ಬಿಡಿಸಿ, ಗಿಡ್ಡ ರಬ್ಬರು ಕೊಳವೆಯಿಂದ ಡಬ್ಬಿಗೂ ಪಂಪಿಗೂ ಸಂಬಂಧ ಕಲ್ಪಿಸಿದನು. ಆಗಲೂ ಜಿನುಗಿತು. ನಳಿಗೆಯು ನಿರ್ದೋಷಿಯಾಯಿತು. ಕೊನೆಗೆ ಡಬ್ಬಿಯನ್ನು ಎತ್ತರಕ್ಕೆ ಏರಿಸಿ, ಫೀಡ್ ಪಂಪನ್ನೇ ಬಿಟ್ಟು, ಎಣ್ಣೆಯು ತನ್ನ ಭಾರದಿಂದಲೇ ಶೋಧಕಕ್ಕೆ ಇಳಿಯುವಂತೆ ಮಾಡಿ, ಗಾಳಿಯನ್ನು ಹೊರಡಿಸಿ ಚಾಲೂ ಮಾಡಿದನು. ಎಂಜಿನು ಗರ್ಜಿಸಿತು, ವೇಗ ಹೆಚ್ಚಿಸಿದರೂ ಸೊರಗಲಿಲ್ಲ.

ಒಂದೇ ಪರೀಕ್ಷೆಯಿಂದ ಎರಡು ತೀರ್ಪುಗಳು ಬಿದ್ದುಹೋದವು. ದೊಡ್ಡ ಪಂಪು ಕೆಟ್ಟಿದ್ದರೆ ಎಂಜಿನು ಹೀಗೆ ಓಡುತ್ತಿರಲಿಲ್ಲ. ಡಬ್ಬಿಯ ಎಣ್ಣೆಯು ಅದೇ ಟ್ಯಾಂಕಿನದಾದುದರಿಂದ, ನಮ್ಮ ಕಲಬೆರಕೆಯ ಸಿದ್ಧಾಂತವೂ ಹೋಯಿತು. ಫೀಡ್ ಪಂಪು ಇದ್ದಾಗ ದೋಷವಿದೆ, ಅದನ್ನು ಬಿಟ್ಟಾಗ ದೋಷವಿಲ್ಲ. ಅನ್ವಯ ವ್ಯತಿರೇಕಗಳೆಂದು ನಾವು ಹಲಗೆಯ ಮೇಲೆ ಬರೆದುದನ್ನು ಆತನು ಎಣ್ಣೆಗೈಯಿಂದ ಮಾಡಿ ತೋರಿಸಿದನು. ಕೈಗುಂಡಿಯ ಭಾಗವನ್ನು ತಿರುಚಿ ಬಿಚ್ಚಿದಾಗ ಕಾರಣವೂ ಕಂಡಿತು: ಅದರ ಕೆಳಗಣ ಚಿಕ್ಕ ಕವಾಟದ ತಂತಿಸುರುಳಿ ಮುರಿದಿತ್ತು. ಎಳೆದ ಎಣ್ಣೆಯು ಮುಂದೆ ಹೋಗುವ ಬದಲು ಹಿಂದಕ್ಕೆ ಸರಿಯುತ್ತಿತ್ತು.

ಹೊಸ ಸುರುಳಿ ಅಲ್ಲಿ ದೊರೆಯುವಂತಿರಲಿಲ್ಲ. ಡಬ್ಬಿಯನ್ನು ಹೊಗೆಕೊಳವೆಗೆ ದೂರವಾಗಿ, ಮೇಲೆ ಭದ್ರವಾಗಿ ಕಟ್ಟಿ, ಮೆಲ್ಲಗೆ ಏರು ಹತ್ತಿಸಿದನು. ಮಹಾಗಾಂವ ಕ್ರಾಸಿನಲ್ಲಿ ಮತ್ತೊಮ್ಮೆ ಡಬ್ಬಿ ತುಂಬಿಸಿದನು. ಇದು ಆಪದ್ಧರ್ಮವೇ ಹೊರತು ನಿತ್ಯದ ಪದ್ಧತಿಯಲ್ಲ ಎಂಬುದನ್ನು ಅವನೇ ಹೇಳಿದನು. ದೀಪ ಹಚ್ಚುವ ಹೊತ್ತು ಮೀರಿ ಕಲಬುರಗಿಯನ್ನು ಸೇರಿದೆವು. ಗೊನೆಗಳು ಕೆಡಲಿಲ್ಲ. ಮರುದಿನ ಫೀಡ್ ಪಂಪಿನ ಕವಾಟಗಳನ್ನು ಹೊಸದಾಗಿ ಹಾಕಿಸಲು ತಗುಲಿದ ಹಣ ಒಂದು ದಿನದ ಬಾಡಿಗೆಗೂ ಕಡಿಮೆ.

ಇಳಿಯುವಾಗ, "ಇಷ್ಟು ಚೆನ್ನಾಗಿ ವಿಚಾರ ಮಾಡುವುದನ್ನು ಎಲ್ಲಿ ಕಲಿತೆಯಪ್ಪಾ?" ಎಂದು ಕೇಳಿದೆವು. ಅವನು ನಕ್ಕು, "ಗಾಡಿ ನಿಂತ್ರ ಕಲೀಲೇಬೇಕಲ್ರಿ" ಎಂದನು. ನಮ್ಮ ತರಗತಿಯ ಹೆಸರನ್ನು ಅವನು ಎತ್ತಲಿಲ್ಲ. ಎತ್ತುವ ಕಾರಣವೂ ಇರಲಿಲ್ಲ. ಶಬ್ದರೂಪ ಬಾರದವನಿಗೆ ಬುದ್ಧಿಯೇ ಇಲ್ಲವೆಂದು ನಾವು ಅಂದು ಕೊಟ್ಟ ತೀರ್ಪು ಕೂಡ ನೋಡದೆ ಕೊಟ್ಟುದೇ ಆಗಿತ್ತು.

ಗೃಹಸ್ಥರಾದ ವಾಚಕರಿಗೆ ನಾವು ಹೇಳತಕ್ಕದ್ದಿಷ್ಟೆ. ಯಂತ್ರವಾಗಲಿ, ಮನೆಯ ಹುಡುಗನಾಗಲಿ ಏರಿನಲ್ಲಿ ನಿಂತರೆ, ದೊಡ್ಡದನ್ನೇ ಬದಲಿಸಹೊರಡುವ ಮುನ್ನ ಚಿಕ್ಕದನ್ನು ಒಂದೊಂದಾಗಿ ಪರೀಕ್ಷಿಸಿರಿ. ಶಿಷ್ಯನು ಬಲವಂತದಿಂದ ಕೊಟ್ಟ ಕೆಂಬಾಳೆಯ ಚಿಪ್ಪು ಮೂರು ದಿನ ನಮ್ಮ ಮನೆಯಲ್ಲಿತ್ತು. ಅವನ ಮನೆಯಲ್ಲಿ ಬಳೆಗಳು ಕೈಯಲ್ಲಿಯೇ ಉಳಿದವು.