ಬಿಸಿಲಿಗೆ ಹಿಂಗಾತು ಅಂದ್ರ ಸಾಲದು

ನಮ್ಮ ಕಾರು ಬೆಳಿಗ್ಗೆ ಒಳ್ಳೆಯದು. ಆರು ಗಂಟೆಗೆ ಚೋಕ್ ಎಳೆದು ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಹಿಡಿಯುತ್ತದೆ. ಮಧ್ಯಾಹ್ನ ಅದೇ ಕಾರಿನ ಸ್ವಭಾವ ಬೇರೆ. ಮೂವತ್ತು ಕಿಲೋಮೀಟರ್ ಓಡಿಸಿ, ಯಾರದೋ ಹೊಲದ ಬದಿಗೆ ನಿಲ್ಲಿಸಿ, ಕಾಲು ಗಂಟೆ ಮಾತಾಡಿ ವಾಪಸ್ ಬಂದರೆ ಜಪ್ಪಯ್ಯ ಅನ್ನುವುದಿಲ್ಲ. ಸೆಲ್ಫ್ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ. ಒಂದು ತಾಸು ಬಿಟ್ಟರೆ ಏನೂ ಆಗೇ ಇಲ್ಲ ಎನ್ನುವಂತೆ ಹೊರಡುತ್ತದೆ.

ನಾವೆಂದರೆ ಇಬ್ಬರು. ಒಂದೇ ಬೆಂಚಿನಲ್ಲಿ ಕೂತು ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ, ರಾಯಚೂರು ಜಿಲ್ಲೆಯಲ್ಲಿ ಬೇರೆ ಬೇರೆ ಪತ್ರಿಕೆಗಳಿಗೆ ಸ್ಟ್ರಿಂಗರ್‌ಗಳಾಗಿ ದುಡಿಯುತ್ತಿದ್ದೇವೆ. ಸಂಬಳವಿಲ್ಲ, ಅಚ್ಚಾದ ಸುದ್ದಿಗೆ ಲೆಕ್ಕ. ಇಬ್ಬರೂ ಸೇರಿ ದುಡ್ಡು ಹಾಕಿ, ಒಬ್ಬ ಕಂಟ್ರಾಕ್ಟರ್ ಮನೆಯ ಬೇವಿನ ಗಿಡದ ಕೆಳಗೆ ವರ್ಷಗಟ್ಟಲೆ ನಿಂತಿದ್ದ 1980ರ ದಶಕದ ಪೆಟ್ರೋಲ್ ಅಂಬಾಸಿಡರ್ ಕೊಂಡೆವು. ಹೊಸ ಬೈಕಿಗಿಂತ ಅಗ್ಗಕ್ಕೆ ಸಿಕ್ಕಿತು. ಹಳ್ಳಿಗೆ ಹೋದರೆ ಹುಡುಗರು 'ವಿಂಟೇಜ್ ಕಾರು' ಎನ್ನುತ್ತ ಸೆಲ್ಫಿ ತೆಗೆದುಕೊಳ್ಳುತ್ತಾರೆ. ನಿಯಮದ ಪ್ರಕಾರ ಅದಿನ್ನೂ ವಿಂಟೇಜ್ ಅಲ್ಲ. 2021ರ ತಿದ್ದುಪಡಿಯಂತೆ ಮೊದಲ ನೋಂದಣಿಯಾಗಿ 50 ವರ್ಷ ದಾಟಿದರೆ ಮಾತ್ರ ಆ ಹೆಸರು. ನಮ್ಮದು ಬರೀ ಹಳೇ ಗಾಡಿ. ವಯಸ್ಸಾದವರು ಮಾತ್ರ ಈಗಲೂ ಅದನ್ನು ಕಂಡು ಎದ್ದು ನಿಲ್ಲುತ್ತಾರೆ. ಒಂದು ಕಾಲಕ್ಕೆ ಡಿಸಿ, ಎಸ್‌ಪಿ, ಮಂತ್ರಿ ಎಲ್ಲರೂ ಬರುತ್ತಿದ್ದದ್ದು ಇದರಲ್ಲೇ ತಾನೇ.

ಮಧ್ಯಾಹ್ನದ ಈ ರೋಗಕ್ಕೆ ನಮಗೆ ಎಲ್ಲರೂ ಒಂದೇ ಕಾರಣ ಹೇಳಿದ್ದರು. 'ಬಿಸಲಿಗೆ ಪೆಟ್ರೋಲ್ ಆವಿ ಆಗ್ತೈತ್ರಿ. ಪೈಪಿನ್ಯಾಗ ಗಾಳಿ ತುಂಬತೈತಿ. ಪಂಪಿನ ಮ್ಯಾಲ ಹಸಿ ಅರಿವಿ ಹಾಕ್ರಿ.' ಬಂಕಿನ ಹುಡುಗ ಹೇಳಿದ, ಲಾರಿ ಡ್ರೈವರ್ ಹೇಳಿದ, ಸರ್ಕಾರಿ ಡ್ರೈವರ್ ಆಗಿ ರಿಟೈರ್ ಆದ ನಮ್ಮ ಮಾವ ಒಬ್ಬರು ಹೇಳಿದರು. ಮೂವರು ಹೇಳಿದ ಮೇಲೆ ನಮಗೆ ಅನುಮಾನ ಉಳಿಯಲಿಲ್ಲ. ಡಿಕ್ಕಿಯಲ್ಲಿ ಐದು ಲೀಟರಿನ ನೀರಿನ ಕ್ಯಾನ್, ಹಳೇ ಟವೆಲ್ ಇಟ್ಟುಕೊಂಡೆವು. ಗಾಡಿ ನಿಂತಾಗ ಇಂಜಿನ್ ಪಕ್ಕದ ಪೆಟ್ರೋಲ್ ಎಳೆಯುವ ಪಂಪಿಗೆ ಟವೆಲ್ ಸುತ್ತಿ ನೀರು ಸುರಿಯುತ್ತಿದ್ದೆವು. ಮತ್ತೆ ಮತ್ತೆ ಸೆಲ್ಫ್ ಹೊಡೆಯುತ್ತಿದ್ದೆವು, ಎಕ್ಸಲೇಟರ್ ಒತ್ತಿ ಒತ್ತಿ ಬಿಡುತ್ತಿದ್ದೆವು, ಚೋಕ್ ಎಳೆಯುತ್ತಿದ್ದೆವು. ಒಂದು ತಾಸಾದ ಮೇಲೆ ಗಾಡಿ ಎದ್ದರೆ 'ನೋಡಿದ್ರಾ, ಟವೆಲ್ ಕೆಲಸ ಮಾಡ್ತು' ಎನ್ನುತ್ತಿದ್ದೆವು. ಟವೆಲ್ ಇಲ್ಲದೆ ಒಂದು ತಾಸು ಸುಮ್ಮನೆ ಬಿಟ್ಟು ನೋಡೋಣ ಎಂದು ನಮಗೆ ಒಮ್ಮೆಯೂ ಹೊಳೆಯಲಿಲ್ಲ.

ಎರಡು ವರ್ಷದ ಹಿಂದಿನ ಮೇ ತಿಂಗಳು. ಮಸ್ಕಿ ತಾಲ್ಲೂಕಿನ ಒಂದು ಹಳ್ಳಿಯ ಕೆರೆಯಲ್ಲಿ ಉದ್ಯೋಗ ಖಾತ್ರಿಯಲ್ಲಿ ಹೂಳೆತ್ತುವ ಕೆಲಸ ನಡೆದಿತ್ತು. ಅಲ್ಲಿ ನೆರಳೂ ಇಲ್ಲ, ಕುಡಿಯಲು ನೀರೂ ಇಲ್ಲ ಎಂದು ಫೋನ್ ಬಂದಿತ್ತು. ನಾವು ಮುಟ್ಟಿದಾಗ ಹನ್ನೊಂದು ದಾಟಿತ್ತು. ಬುಟ್ಟಿ, ಸಲಿಕೆ ಬದಿಗಿಟ್ಟು ಹೆಂಗಸರು ಸೆರಗು ತಲೆಗೆ ಹೊದ್ದು ಕೆರೆಯಂಗಳದಲ್ಲೇ ಕೂತಿದ್ದರು. ಕೆಲಸ ಮುಗಿದಿದ್ದರೂ ಯಾಕೆ ಮನೆಗೆ ಹೋಗಿಲ್ಲ ಎಂದು ಕೇಳಿದೆವು. 'ಎರಡನೇ ಫೋಟೊ ಆಗಬೇಕಲ್ರೀ ಸರ' ಎಂದರು. ಆಗ ಹಾಜರಿಗೆ ಮೊಬೈಲಿನಲ್ಲಿ ದಿನಕ್ಕೆ ಎರಡು ಸಲ ಫೋಟೊ ತೆಗೆಯಬೇಕಿತ್ತು. ಎರಡನೆಯದಕ್ಕೆ ಇನ್ನೂ ಹೊತ್ತಿತ್ತು. ಬೆಳಿಗ್ಗೆ ತಂದಿಟ್ಟ ಕೊಡ ಹತ್ತು ಗಂಟೆಗೇ ಖಾಲಿಯಾಗಿತ್ತು ಎಂದೂ ಹೇಳಿದರು.

ಬೈಟ್ ತೆಗೆದುಕೊಂಡು, ಫೋಟೊ ತೆಗೆದು, ಇಪ್ಪತ್ತು ನಿಮಿಷಕ್ಕೆ ವಾಪಸ್ ಬಂದೆವು. ಗಾಡಿ ಎಂದಿನಂತೆ ಹಿಡಿಯಲಿಲ್ಲ. ಬಾನೆಟ್ ಎತ್ತಿ ಟವೆಲ್ ಸುತ್ತಿ ಕ್ಯಾನ್ ಬಗ್ಗಿಸಿದೆವು. ಮೂರು ಲೀಟರ್ ಹೋಗಿರಬೇಕು. ಅಷ್ಟರಲ್ಲಿ ಕೆರೆಯೊಳಗಿಂದ ಕೂಗು ಕೇಳಿತು.

ಐವತ್ತರ ಆಸುಪಾಸಿನ ಒಬ್ಬ ಅವ್ವ ಕುಸಿದಿದ್ದರು. ಮೈ ಮುಟ್ಟಿದರೆ ಹಂಚು. ಮಾತಾಡಿಸಿದರೆ ಸಂಬಂಧವಿಲ್ಲದ ಮಾತು, ಸತ್ತುಹೋದ ತಮ್ಮನನ್ನು ಕರೆಯುತ್ತಿದ್ದರು. ಅವರನ್ನು ಎತ್ತಿಕೊಂಡು ಬಂದು ನಮ್ಮ ಕಾರಿನ ನೆರಳಲ್ಲೇ ಮಲಗಿಸಿದರು, ಅಲ್ಲಿದ್ದ ನೆರಳು ಅದೊಂದೇ. 'ಅಣ್ಣಾರ, ನೀರು ಕೊಡ್ರಿ' ಎಂದು ಒಬ್ಬಾಕೆ ಕೈಚಾಚಿದಳು. ಕ್ಯಾನಿನಲ್ಲಿ ಉಳಿದಿದ್ದು ಎರಡು ಲೀಟರ್. ಉಳಿದದ್ದು ಇಂಜಿನ್ನಿನ ಕೆಳಗೆ ಮಣ್ಣಿಗೆ ಇಳಿದುಹೋಗಿತ್ತು.

ಆ ಎರಡು ಲೀಟರಿನಲ್ಲಿ ಹೆಂಗಸರು ಸೀರೆ ಸೆರಗು ನೆನೆಸಿ ಆಕೆಯ ಕುತ್ತಿಗೆ, ಕಂಕುಳು, ತೊಡೆಸಂದಿ ಒರೆಸಿದರು, ಬುಟ್ಟಿಯಿಂದ ಗಾಳಿ ಬೀಸಿದರು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ ಎಂದು ಅವರಲ್ಲೇ ಒಬ್ಬರು ಆಶಾ ಕಾರ್ಯಕರ್ತೆಯ ಅಕ್ಕ ಹೇಳಿದರು. ಆಂಬುಲೆನ್ಸ್ ದೂರದಿಂದ ಬರಬೇಕಿತ್ತು. ಎದುರಿಗೇ ಕಾರಿತ್ತು. ಎಲ್ಲರೂ ನಮ್ಮ ಮುಖ ನೋಡುತ್ತಿದ್ದರು. ನಾವು ಸೆಲ್ಫ್ ಹೊಡೆದೆವು, ಹೊಡೆದೆವು, ಬ್ಯಾಟರಿ ಸೋಲುವ ತನಕ ಹೊಡೆದೆವು. ಕೊನೆಗೆ ಯಾರೋ ಊರಿಗೆ ಓಡಿಹೋಗಿ ಒಂದು ಟಂಟಂ ಕರೆತಂದರು. ಅದರಲ್ಲಿ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದರು. ನಾವು ನಮ್ಮ ಕಾರಿನ ಪಕ್ಕ ನಿಂತು ಅದು ಹೋಗುವುದನ್ನು ನೋಡಿದೆವು.

ಅವ್ವ ಬದುಕಿದರು. ಅದನ್ನು ಮೊದಲೇ ಹೇಳಿಬಿಡುತ್ತೇವೆ, ಓದುವವರು ಕಾಯುವುದು ಬೇಡ. ಆದರೆ ಆ ಸಂಜೆ ನಮಗೆ ಅದು ಗೊತ್ತಿರಲಿಲ್ಲ. ಡೆಸ್ಕಿಗೆ ಸುದ್ದಿ ಕಳಿಸುವ ಹೊತ್ತಾಗಿತ್ತು. ಇಬ್ಬರೂ ಹೆಚ್ಚುಕಡಿಮೆ ಒಂದೇ ಸಾಲು ಬರೆದೆವು: ಬಿಸಿಲಿನ ತಾಪಕ್ಕೆ ಕುಸಿದುಬಿದ್ದ ಕೂಲಿ ಮಹಿಳೆ. ಮರುದಿನ ಸಿಂಗಲ್ ಕಾಲಂ ಬಂತು.

ಅದರ ಮರುದಿನ ಕಾರನ್ನು ರಾಯಚೂರಿನ ಒಬ್ಬ ಹಳೇ ಮೇಸ್ತ್ರಿಯ ಹತ್ತಿರ ಒಯ್ದೆವು. ಎಪ್ಪತ್ತು ದಾಟಿದ ಚಾಚಾ. ಅವರಿಗೂ ನಾವು ಅದನ್ನೇ ಹೇಳಿದೆವು, 'ಬಿಸಲಿಗೆ ಸ್ಟಾರ್ಟ್ ಆಗ್ತಿಲ್ಲ ಚಾಚಾ, ಪೆಟ್ರೋಲ್ ಆವಿ ಆಗ್ತೈತಂತ.'

ಚಾಚಾ ಬಾನೆಟ್ ಕೂಡ ಎತ್ತಲಿಲ್ಲ. 'ಯಾರ ಹೇಳಿದ್ರು?'

ನಾವು ಮೂವರ ಹೆಸರು ಹೇಳಿದೆವು.

'ಅವರು ತೆಗೆದು ನೋಡಿದ್ರೇನು?'

ನೋಡಿರಲಿಲ್ಲ. ನಾವೂ ನೋಡಿರಲಿಲ್ಲ. ವರದಿಗಾರಿಕೆ ಕಲಿತವರಿಗೆ ಮೋಟಾರು ಮೇಸ್ತ್ರಿ ಕೇಳಬೇಕಾದ ಪ್ರಶ್ನೆಯೇ ಅದು? ಇಬ್ಬರಿಗೂ ಮುಖ ಕೆಂಪಾಯಿತು.

'ಈಗ ಗಾಡಿ ತಂಪೈತಿ, ಈಗ ಏನು ನೋಡ್ಲಿ ಬೇಟಾ? ರೋಗ ಇದ್ದಾಗ ತರ್ರಿ' ಎಂದರು. ಅದೂ ಸರಿಯೇ. ಅಲ್ಲಿಯ ತನಕ ಯಾವ ಮೇಸ್ತ್ರಿಗೆ ತೋರಿಸಿದರೂ ಬೆಳಿಗ್ಗೆಯೇ ತೋರಿಸಿದ್ದೆವು. ಸರಿಯಾಗಿ ಸ್ಟಾರ್ಟ್ ಆಗುವ ಗಾಡಿ ನೋಡಿ ಅವರಾದರೂ ಏನು ಹೇಳಬೇಕು? ಮಧ್ಯಾಹ್ನ ಲಿಂಗಸುಗೂರು ರಸ್ತೆಯಲ್ಲಿ ಮೂವತ್ತು ಕಿಲೋಮೀಟರ್ ಸುತ್ತಿಸಿ ತಂದು, ಚಾಚಾನ ಅಂಗಡಿ ಮುಂದೆ ಇಪ್ಪತ್ತು ನಿಮಿಷ ನಿಲ್ಲಿಸಿದೆವು. ಹಿಡಿಯಲಿಲ್ಲ. ಚಾಚಾ ಆಗ ಚಹಾ ಗ್ಲಾಸು ಕೆಳಗಿಟ್ಟು ಎದ್ದರು.

ಅವರು ನೋಡಿದ ಕ್ರಮವನ್ನು ಇಲ್ಲಿ ಬರೆದಿಡುತ್ತೇವೆ, ಹಳೇ ಕಾರ್ಬೊರೇಟರ್ ಗಾಡಿ ಇಟ್ಟುಕೊಂಡ ಯಾರಿಗಾದರೂ ಬೇಕಾದೀತು.

ಮೊದಲು ಕಿವಿ. ಸೆಲ್ಫ್ ಎಷ್ಟು ಜೋರಾಗಿ ತಿರುಗುತ್ತದೆ ಎಂದು ಕೇಳಿದರು. ಬಿಸಿಗೆ ತಂತಿಗಳ ರೋಧ ಹೆಚ್ಚುತ್ತದೆ. ಬ್ಯಾಟರಿ ಅಥವಾ ಅರ್ತ್ ತಂತಿಯ ಜೋಡಣೆ ಸಡಿಲವಿದ್ದರೆ ಬೆಳಿಗ್ಗೆ ನಡೆದರೂ ಮಧ್ಯಾಹ್ನ ಮುಕ್ಕರಿಯುತ್ತ ತಿರುಗುತ್ತದೆ. ನಮ್ಮದು ಚೆನ್ನಾಗಿಯೇ ತಿರುಗುತ್ತಿತ್ತು.

ಎರಡನೆಯದು ಕಿಡಿ. ಒಂದು ಪ್ಲಗ್ ಬಿಚ್ಚಿ, ಪೆಟ್ರೋಲ್ ವಾಸನೆಯಿಂದ ದೂರ ಒಯ್ದು, ಅದರ ಮೈಯನ್ನು ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಸೆಲ್ಫ್ ಹೊಡೆಸಿದರು. ಕಾಯಿಲ್ ಅಥವಾ ಕಂಡೆನ್ಸರ್ ಕೆಟ್ಟಿದ್ದರೆ ತಣ್ಣಗಿದ್ದಾಗ ಕಿಡಿ ಸರಿಯಿದ್ದು, ಕಾದಾಗ ಹಳದಿಯಾಗಿ ಸೊರಗುತ್ತದೆ. ನಮ್ಮದು ನೀಲಿ ಕಿಡಿ, ಚಟಚಟ ಸದ್ದು. ಅಲ್ಲಿಗೆ ಅದೂ ಅಲ್ಲ.

ಮೂರನೆಯದು ಪೆಟ್ರೋಲ್. ಬಿಚ್ಚಿದ ಪ್ಲಗ್ಗನ್ನೇ ನಮ್ಮ ಮೂಗಿಗೆ ಹಿಡಿದರು. ತೊಯ್ದು ತೊಪ್ಪೆಯಾಗಿತ್ತು. ಏರ್ ಫಿಲ್ಟರ್ ತೆಗೆದು ಕಾರ್ಬೊರೇಟರಿನ ಬಾಯಿ ತೋರಿಸಿದರು. ಇಂಜಿನ್ ನಿಂತು ಇಪ್ಪತ್ತು ನಿಮಿಷವಾದರೂ ಒಳಗೆ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು.

'ಪೆಟ್ರೋಲ್ ಬರವಲ್ದು ಅಂತ ನೀವು ನೀರು ಹಾಕ್ತೀರಿ' ಎಂದರು ಚಾಚಾ. 'ಇದಕ್ಕ ಪೆಟ್ರೋಲ್ ಹೆಚ್ಚಾಗಿ ಉಸಿರು ಕಟ್ಟೈತಿ.'

ಆಮೇಲೆ ವಿವರಿಸಿದರು. ಗಾಡಿ ಓಡುವಾಗ ಫ್ಯಾನು, ರೇಡಿಯೇಟರಿನ ನೀರು, ಎದುರು ಗಾಳಿ ಸೇರಿ ಕಾವನ್ನು ಹೊರಹಾಕುತ್ತವೆ. ಆಫ್ ಮಾಡಿದ ಕೂಡಲೇ ಅವೆಲ್ಲ ನಿಲ್ಲುತ್ತವೆ, ಕಬ್ಬಿಣದ ಕಾವು ಮಾತ್ರ ಮೇಲೇರುತ್ತದೆ. ಹಾಗಾಗಿ ಬಾನೆಟ್ ಒಳಗೆ ಅತಿ ಹೆಚ್ಚು ಬಿಸಿ ಇರುವುದು ಓಡುವಾಗಲ್ಲ, ನಿಲ್ಲಿಸಿದ ಹತ್ತಿಪ್ಪತ್ತು ನಿಮಿಷದಲ್ಲಿ. ಅಂಬಾಸಿಡರಿನ 1489 ಸಿಸಿ ಇಂಜಿನ್ನಿನಲ್ಲಿ ಕಾರ್ಬೊರೇಟರೂ ಹೊಗೆ ಹೋಗುವ ಮ್ಯಾನಿಫೋಲ್ಡೂ ಒಂದೇ ಪಕ್ಕಕ್ಕಿವೆ. ಪೆಟ್ರೋಲಿನ ಹಗುರ ಅಂಶಗಳು 35–40 ಡಿಗ್ರಿಗೇ ಕುದಿಯತೊಡಗುತ್ತವೆ. ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಹಾಲಿನಂತೆ ಉಕ್ಕಿ ಇಂಜಿನ್ನಿನೊಳಗೆ ಸುರಿಯುತ್ತದೆ. ಅದರ ಮೇಲೆ ನಾವು ಚೋಕ್ ಎಳೆದು, ಎಕ್ಸಲೇಟರ್ ಒತ್ತೊತ್ತಿ ಇನ್ನಷ್ಟು ಸುರಿಯುತ್ತಿದ್ದೆವು.

ಮದ್ದು? ಚಾಚಾ ಡ್ರೈವರ್ ಸೀಟಿನಲ್ಲಿ ಕೂತರು. ಚೋಕ್ ಪೂರ್ತಿ ಒಳಗೆ. ಎಕ್ಸಲೇಟರ್ ಒಂದೇ ಸಲ ನೆಲದ ತನಕ ಒತ್ತಿ ಹಿಡಿದರು. ಬಿಟ್ಟು ಬಿಟ್ಟು ಒತ್ತಲಿಲ್ಲ, ಹಾಗೇ ಹಿಡಿದರು. ಗಾಳಿಯ ಬಾಗಿಲು ಪೂರ್ತಿ ತೆರೆದು ಹೆಚ್ಚಾದ ಪೆಟ್ರೋಲ್ ಹೊರಹೋಗಲಿ ಎಂದು. ಏಳೆಂಟು ಸೆಕೆಂಡ್ ಸೆಲ್ಫ್ ತಿರುಗಿತು. ಒಂದು ಕೆಮ್ಮು, ಕಪ್ಪು ಹೊಗೆ, ಇಂಜಿನ್ ಹಿಡಿಯಿತು.

ನೀರು ಬೇಕಿರಲಿಲ್ಲ. ಕಾಲು ಎಲ್ಲಿಡಬೇಕು ಎಂದು ಗೊತ್ತಿದ್ದರೆ ಸಾಕಿತ್ತು.

ಹಸಿ ಅರಿವಿಯ ಮದ್ದು ಸುಳ್ಳೇನಲ್ಲ ಎಂದೂ ಚಾಚಾ ಹೇಳಿದರು. ಪ್ಲಗ್ ಒಣಗಿದ್ದು, ಕಾರ್ಬೊರೇಟರ್ ಬಟ್ಟಲು ಖಾಲಿಯಿದ್ದರೆ ಆಗ ಪೈಪಿನಲ್ಲಿ ಆವಿ ತುಂಬಿದೆ ಎಂದರ್ಥ, ಪಂಪಿಗೆ ಹಸಿ ಬಟ್ಟೆ ಹಾಕಬಹುದು. ಕಾದ ಮ್ಯಾನಿಫೋಲ್ಡಿಗೆ ಮಾತ್ರ ನೀರು ತಾಗಬಾರದು, ಎರಕದ ಕಬ್ಬಿಣ ಸೀಳುತ್ತದೆ. ಎರಡೂ ರೋಗ ಬರುವುದು ಬಿಸಿಲಲ್ಲೇ, ಹೊರಗಿಂದ ಎರಡೂ ಒಂದೇ ಥರ ಕಾಣುತ್ತವೆ. ಒಂದರಲ್ಲಿ ಪೆಟ್ರೋಲ್ ಇಲ್ಲ, ಇನ್ನೊಂದರಲ್ಲಿ ಹೆಚ್ಚು. ಬಿಚ್ಚಿ ನೋಡದೆ ಗೊತ್ತಾಗುವುದಿಲ್ಲ.

ಕೊನೆಗೆ ಮೂಲ ಕಾರಣವೂ ಸಿಕ್ಕಿತು. ಕಾರ್ಬೊರೇಟರಿಗೂ ಮ್ಯಾನಿಫೋಲ್ಡಿಗೂ ನಡುವೆ ಕಾವು ತಡೆಯುವ ದಪ್ಪ ಪ್ಯಾಕಿಂಗ್, ಅದರ ಜೊತೆ ಒಂದು ತಗಡು ಇರಬೇಕು. ಹಿಂದೆ ಯಾರೋ ರಿಪೇರಿ ಮಾಡುವಾಗ ಎರಡನ್ನೂ ತೆಗೆದು ತೆಳ್ಳನೆಯ ಕಾಗದದ ಪ್ಯಾಕಿಂಗ್ ಹಾಕಿ ಮುಗಿಸಿದ್ದರು. ಅಂದರೆ ಬಿಸಿಲು ಇದ್ದದ್ದೇ. ಬಿಸಿಲನ್ನು ತಡೆಯಲು ಇರಬೇಕಾದದ್ದು ಇರಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಇಬ್ಬರ ತಲೆಯಲ್ಲೂ ಆ ಸಿಂಗಲ್ ಕಾಲಂ ಇತ್ತು. 'ಬಿಸಿಲಿನ ತಾಪಕ್ಕೆ.' ಆಗಿನ ಖಾತ್ರಿ ಕಾಯ್ದೆಯಲ್ಲೇ ಬರೆದಿತ್ತು: ಕೆಲಸದ ಜಾಗದಲ್ಲಿ ಕುಡಿಯುವ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು. ಕೊಡ ಹತ್ತು ಗಂಟೆಗೆ ಖಾಲಿಯಾಗಿದ್ದು, ಕೆಲಸ ಮುಗಿದ ಮೇಲೂ ಫೋಟೊಕ್ಕಾಗಿ ಬಿಸಿಲಲ್ಲಿ ಕೂತಿದ್ದು, ಎಲ್ಲವೂ ನಮ್ಮ ನೋಟ್‌ಬುಕ್ಕಿನಲ್ಲಿ ಇದ್ದವು. ಆದರೂ ನಾವು ದೋಷವನ್ನು ಸೂರ್ಯನ ಮೇಲೆ ಹಾಕಿ ಕೈತೊಳೆದುಕೊಂಡಿದ್ದೆವು. ರಾಯಚೂರಿನಲ್ಲಿ ಅದು ಸುಲಭ. ಇಲ್ಲಿ ಬಿಸಿಲಿನ ಮೇಲೆ ಏನು ಹೊರಿಸಿದರೂ ಯಾರೂ ಸ್ಪಷ್ಟನೆ ಕೇಳುವುದಿಲ್ಲ.

ಮರುದಿನ ಆಸ್ಪತ್ರೆಗೆ ಹೋದೆವು. ಅವ್ವ ಎದ್ದು ಕೂತಿದ್ದರು. ನಾವು ಕ್ಷಮೆ ಕೇಳಲು ಹೋಗಿದ್ದು, ಮಾತು ಬರಲಿಲ್ಲ. ಅವರೇ ಕೇಳಿದರು, 'ಅಲ್ಲಿ ಈಗಾದ್ರೂ ನೀರು ಇಟ್ಟಾರೇನಪಾ?'

ಕೆರೆಗೆ ಹೋಗಿ ನೋಡಿದೆವು. ಇಟ್ಟಿರಲಿಲ್ಲ. ಈ ಸಲ ಯಾರು ಏನು ಹೇಳಿದರು ಎನ್ನುವುದಕ್ಕೆ ನಿಲ್ಲಲಿಲ್ಲ. ಮೂರು ದಿನ ಬೆಳಿಗ್ಗೆ ಆರರಿಂದ ಎರಡನೇ ಫೋಟೊ ಆಗುವ ತನಕ ಅಲ್ಲೇ ಕೂತು, ಕೊಡ ಎಷ್ಟು ಗಂಟೆಗೆ ಬಂತು, ಎಷ್ಟು ಗಂಟೆಗೆ ಮುಗಿಯಿತು, ಎಷ್ಟು ಜನರಿಗೆ ಎಷ್ಟು ಕೊಡ ಎಂದು ಬರೆದುಕೊಂಡೆವು. ಖಾಲಿ ಕೊಡದ ಫೋಟೊ ತೆಗೆದೆವು. ಆ ಸುದ್ದಿ ಬಂದು ನಾಲ್ಕನೇ ದಿನ ಕೆರೆಯ ದಂಡೆಯಲ್ಲಿ ಹಸಿರು ನೆಟ್ ಕಟ್ಟಿದರು, ಎರಡು ಡ್ರಮ್ ನೀರು ಬಂತು. ಆ ಬೇಸಿಗೆ ಮುಗಿಯುವ ತನಕ ಅವು ಇದ್ದವು. ಮುಂದಿನ ಬೇಸಿಗೆಗೆ ಮತ್ತೆ ಹೋಗಿ ನೋಡಬೇಕಾಯಿತು, ಅದು ಬೇರೆ ಕಥೆ.

ಕಾರಿಗೆ ದಪ್ಪ ಪ್ಯಾಕಿಂಗ್, ಹೊಸ ತಗಡು ಬಿತ್ತು. ಪೆಟ್ರೋಲ್ ಪೈಪನ್ನು ಕಾವಿನಿಂದ ಆಚೆ ಸರಿಸಿ ಕಟ್ಟಿದ್ದೇವೆ. ಎಥೆನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯುವುದಿಲ್ಲವೆಂದು ಅದನ್ನೂ ಬದಲಿಸಿದೆವು. ಎಲ್ಲ ಸೇರಿ ಮೂರು ಸುದ್ದಿಯ ದುಡ್ಡು. ಈಗಲೂ ಏಪ್ರಿಲ್, ಮೇನಲ್ಲಿ ಒಮ್ಮೊಮ್ಮೆ ಹಟ ಮಾಡುತ್ತದೆ. ನಿಲ್ಲಿಸಿದ ಕೂಡಲೇ ಬಾನೆಟ್ ಎತ್ತಿಡುತ್ತೇವೆ, ಕಾವು ಹೊರಹೋಗಲಿ ಎಂದು. ಹೊರಡುವಾಗ ಎಕ್ಸಲೇಟರ್ ನೆಲಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆಯುತ್ತೇವೆ.

ನೀರಿನ ಕ್ಯಾನ್ ಈಗಲೂ ಡಿಕ್ಕಿಯಲ್ಲಿದೆ. ಐದರ ಬದಲು ಇಪ್ಪತ್ತು ಲೀಟರಿನದು, ಜೊತೆಗೊಂದು ಸ್ಟೀಲ್ ಲೋಟ. ಅದನ್ನು ಇಂಜಿನ್ನಿಗೆ ಮುಟ್ಟಿಸುವುದಿಲ್ಲ.