ಮಾಸಿದ ಚಿತ್ರದ ಮುಂದೆ

ನಮ್ಮ ಹೈಸ್ಕೂಲಿನ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆದುಕೊಡಬೇಕೆಂದು ಮುಖ್ಯೋಪಾಧ್ಯಾಯಿನಿಯವರು ಹೇಳಿಕಳುಹಿಸಿದಾಗ ನಮಗೆ ಸಂತೋಷವೂ ಸಂಕೋಚವೂ ಒಟ್ಟಿಗೆ ಉಂಟಾದವು. ನಾವು ಅಕ್ಕತಂಗಿಯರಿಬ್ಬರೂ ಇದೇ ಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತವರು. ಈಗ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದು ಜೀವನ ಸಾಗಿಸುತ್ತಿರುವವರು. ರೇಖೆ ಅಕ್ಕನದು, ಬಣ್ಣ ತಂಗಿಯದು. ಲೇಖನ ಬರೆಯುವ ಅಭ್ಯಾಸ ಇಬ್ಬರಿಗೂ ಕಡಿಮೆ. ಆದುದರಿಂದ ನಮ್ಮ ಕೈಯಲ್ಲಿರುವ ಒಂದು ಕೆಲಸದ ಸಂಗತಿಯನ್ನೇ ಇಲ್ಲಿ ಅರಿಕೆ ಮಾಡುತ್ತೇವೆ. ವಾಚಕ ಸೋದರಿಯರು ದೋಷಗಳನ್ನು ಮನ್ನಿಸಬೇಕು.

ನಮ್ಮ ಡ್ರಾಯಿಂಗ್ ತರಗತಿಯ ಗೋಡೆಯ ಮೇಲೆ ಅಜಂತೆಯ ಒಂದನೆಯ ಗುಹೆಯ ಪದ್ಮಪಾಣಿಯ ಅಚ್ಚಿನ ಪಟವೊಂದು ತೂಗುತ್ತಿತ್ತು. ಕೈಯಲ್ಲಿ ನೈದಿಲೆ ಹಿಡಿದು, ಅರೆಮುಚ್ಚಿದ ಕಣ್ಣುಗಳನ್ನು ಕೆಳಗಿಳಿಸಿ ನಿಂತ ಆ ಮೂರ್ತಿಯನ್ನು ನಾವಿಬ್ಬರೂ ಸೇರಿ ದೊಡ್ಡದೊಂದು ಕಾಗದದ ಮೇಲೆ ನಕಲು ಮಾಡಿದೆವು. ಗಾರೆ ಉದುರಿದ ಕಡೆಗಳಲ್ಲಿ ಪಟದಲ್ಲಿ ಬೋಳು ಕಲೆಗಳಿದ್ದವು. ಅವನ್ನೆಲ್ಲ ಬಣ್ಣದಿಂದ ಮುಚ್ಚಿ, ಹೆಮ್ಮೆಯಿಂದ ಟೀಚರಮ್ಮನವರ ಮುಂದಿಟ್ಟೆವು. ಅವರು ಬಹಳ ಹೊತ್ತು ನೋಡಿ, "ಈ ಕಲೆಗಳನ್ನು ಏಕೆ ಬಿಟ್ಟಿರಿ?" ಎಂದು ಕೇಳಿದರು.

"ಅವು ಕೊಳೆಯಲ್ಲವೇ, ಟೀಚರಮ್ಮ?" ಎಂದೆವು.

"ಕೊಳೆಯಲ್ಲ ಮಕ್ಕಳೇ, ವಯಸ್ಸು," ಎಂದು ಅವರು ನಕ್ಕರು.

ಆ ಮಾತು ಅಂದು ನಮಗೆ ತಿಳಿಯಲಿಲ್ಲ. ಆದರೆ ಅಂದಿನಿಂದ ಯಾವ ಚಿತ್ರವನ್ನು ಕಂಡರೂ ಅದನ್ನು ಬರೆದವರು ಯಾರು, ಕಾಪಾಡಿದವರು ಯಾರು, ಕೆಡಿಸಿದವರು ಯಾರು ಎಂದು ವಿಚಾರಿಸುವ ಚಪಲ ಹತ್ತಿತು. ಹೀಗೆ ಚಿತ್ರಕಲೆಯ ಚರಿತ್ರೆಯು ನಮ್ಮ ಪಾಲಿಗೆ ಕಥೆಗಳ ಕಣಜವಾಯಿತು.

ಅಜಂತೆಯ ಕಥೆಯನ್ನೇ ನೋಡಿರಿ. ಕಾಡಿನಲ್ಲಿ ಮರೆಯಾಗಿದ್ದ ಆ ಗುಹೆಗಳು 1819ರಲ್ಲಿ ಬೇಟೆಗೆ ಬಂದ ಆಂಗ್ಲ ಅಧಿಕಾರಿಯೊಬ್ಬನ ಕಣ್ಣಿಗೆ ಬಿದ್ದವು. 1844ರಲ್ಲಿ ನೇಮಕಗೊಂಡ ರಾಬರ್ಟ್ ಗಿಲ್ ವರ್ಷಗಟ್ಟಲೆ ಕುಳಿತು ಬರೆದ ಪ್ರತಿಗಳಲ್ಲಿ ಬಹುಭಾಗ 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಆಹುತಿಯಾಯಿತು. ಆ ಬಳಿಕ ಮುಂಬಯಿಯ ಕಲಾಶಾಲೆಯ ಜಾನ್ ಗ್ರಿಫಿತ್ಸ್ ತನ್ನ ಶಿಷ್ಯರೊಡನೆ 1872ರಿಂದ 1885ರವರೆಗೆ ಮಾಡಿಸಿದ ಪ್ರತಿಗಳಲ್ಲಿಯೂ ಅನೇಕವು ಲಂಡನ್ನಿನಲ್ಲಿಯೇ ಸುಟ್ಟುಹೋದವು. ಇತ್ತ ಗೋಡೆಯ ಮೇಲಿನ ಬಣ್ಣ ಹೊಳೆಯಲೆಂದು ಒಳ್ಳೆಯ ಮನಸ್ಸಿನಿಂದಲೇ ಬಳಿದ ವಾರ್ನಿಷು ಕಾಲಕ್ರಮದಲ್ಲಿ ಹಳದಿಗಟ್ಟಿ, ಮೂಲ ಚಿತ್ರವನ್ನೇ ಮಂಕಾಗಿಸಿತು. ಪ್ರೀತಿಯಿಂದಲೂ ಕೇಡಾಗುವುದುಂಟೆಂದು ನಾವು ಕಲಿತದ್ದು ಇಲ್ಲಿಯೇ.

ಅನಂತರ ಅಲ್ಲಿಗೆ ಬಂದವರು ಕ್ರಿಸ್ಟಿಯಾನಾ ಹೆರಿಂಗ್‌ಹ್ಯಾಮ್ ಎಂಬ ಮಹಿಳೆ. 1909ರಿಂದ 1911ರ ನಡುವಿನ ಚಳಿಗಾಲಗಳಲ್ಲಿ ನಂದಲಾಲ ಬೋಸ್ ಮೊದಲಾದ ತರುಣ ಚಿತ್ರಕಾರರ ನೆರವಿನಿಂದ ಅವರು ತೆಗೆದ ಪ್ರತಿಗಳು 1915ರಲ್ಲಿ ಪುಸ್ತಕರೂಪವಾಗಿ ಬಂದವು. ಇದೇ ಮಹಿಳೆ ಇಟಲಿಯ ಚೆನ್ನಿನೊ ಚೆನ್ನಿನಿ ಎಂಬ ಪ್ರಾಚೀನ ಚಿತ್ರಕಾರನ ಕಸುಬಿನ ಪುಸ್ತಕವನ್ನು 1899ರಲ್ಲಿ ಇಂಗ್ಲಿಷಿಗೆ ತಂದವರು. ಎಳೆಯ ಮುಖಕ್ಕೆ ಬಣ್ಣ ಕಲಸಲು ಪಟ್ಟಣದ ಕೋಳಿಯ ಮೊಟ್ಟೆಯ ತಿಳಿಹಳದಿ ಭಂಡಾರ, ಮುದುಕರ ಮುಖಕ್ಕೆ ಹಳ್ಳಿಯ ಕೋಳಿಯದು ಎಂದು ಅದರಲ್ಲಿ ಹೇಳಿದೆ. ನಾವೂ ಪರೀಕ್ಷಿಸಿ ನೋಡಿದೆವು. ಅಮ್ಮನ ಮೊಟ್ಟೆಗಳು ಮುಗಿದವು, ಬೈಗಳೂ ಸಿಕ್ಕಿದವು. ಆದರೆ ಅಂಥ ಮೃದುವಾದ ಬಣ್ಣವನ್ನು ನಾವು ಸೀಸೆಯಲ್ಲಿ ಕಂಡಿರಲಿಲ್ಲ.

ಇನ್ನು ಈಗಿನ ಕೆಲಸ. ಬಾದಾಮಿಯ ಗುಹೆಗಳನ್ನು ಕುರಿತು ಮಕ್ಕಳಿಗಾಗಿ ಒಂದು ಚಿತ್ರಪುಸ್ತಕ ಸಿದ್ಧವಾಗುತ್ತಿದೆ. ಅಲ್ಲಿಯ ಮೂರನೆಯ ಗುಹೆಯಲ್ಲಿ ಶಕವರ್ಷ 500, ಅಂದರೆ ಕ್ರಿ. ಶ. 578ರ ಶಾಸನವಿದೆ, ಚಾಲುಕ್ಯ ಮಂಗಲೇಶನು ತನ್ನ ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ಮಾಡಿಸಿದ ವಿಷ್ಣುಗೃಹ ಅದು. ಮುಂಚಾಚಿದ ಕಲ್ಲಿನ ಸೂರಿನ ಬಾಗಿದ ಒಳಮೈಯಲ್ಲಿ ಒಂದಾನೊಂದು ಕಾಲದ ವರ್ಣಚಿತ್ರಗಳ ಅಳಿದುಳಿದ ತುಣುಕುಗಳಿವೆ. ಅರ್ಧ ಮುಖ, ಒಂದು ತೋಳು, ಒಂದಿಷ್ಟು ಕೆಂಪು, ಇಷ್ಟೇ. ಮುಖವಿಲ್ಲದ ಚಿತ್ರವನ್ನು ಮಕ್ಕಳು ಮೆಚ್ಚುವುದಿಲ್ಲ, ಪೂರ್ತಿಗೊಳಿಸಿಕೊಡಿರಿ ಎಂದು ಪ್ರಕಾಶಕರು ಬರೆದರು. ನಾವು ಪುಸ್ತಕಗಳಲ್ಲಿನ ಛಾಯಾಚಿತ್ರಗಳನ್ನು ನೋಡಿ, ಅಜಂತೆಯ ಕಣ್ಣು, ನಮ್ಮ ಊಹೆಯ ತುಟಿ ಸೇರಿಸಿ, ಒಬ್ಬ ರಾಣಿಯ ಮುಖವನ್ನು ಬರೆದೆವು. ಸತ್ಯ ಹೇಳಬೇಕೆಂದರೆ ಅದು ನಮ್ಮ ಕೈಯಿಂದ ಬಂದ ಮುಖಗಳಲ್ಲೆಲ್ಲ ಚೆಲುವಾದದ್ದು.

ಬಣ್ಣವನ್ನು ತಾಳೆನೋಡಲು ಬಾದಾಮಿಗೆ ಹೋದೆವು. ಕೆಂಪು ಬಂಡೆಯ ಮೆಟ್ಟಿಲುಗಳನ್ನು ಹತ್ತಿ, ಗುಹೆಯ ಮುಂದೆ ಹಾಳೆಯನ್ನು ಬಿಚ್ಚಿದೊಡನೆ ಊರ ಶಾಲೆಯ ಹುಡುಗಿಯರು ಮುತ್ತಿಕೊಂಡರು. ಒಬ್ಬಳು ನಮ್ಮ ಹಾಳೆಯನ್ನೂ ಮೇಲಿನ ಸೂರನ್ನೂ ಮೂರು ಸಲ ನೋಡಿ ಕೇಳಿದಳು: "ಅಕ್ಕಾರ, ಈ ಮಾರಿ ಮ್ಯಾಲೆ ಎಲ್ಲೈತ್ರೀ?"

ನಾವು ಕತ್ತೆತ್ತಿ ನೋಡಿದೆವು. ಆ ಮುಖ ಅಲ್ಲಿ ಎಲ್ಲಿಯೂ ಇರಲಿಲ್ಲ. ಮಗುವಿಗೆ ಏನೆಂದು ಉತ್ತರ ಕೊಡುವುದು? ನಮ್ಮ ಪುಸ್ತಕವನ್ನು ಓದಿ ಬಂದ ಮಕ್ಕಳೆಲ್ಲರೂ ಇಲ್ಲದ ಮುಖವನ್ನೇ ಹುಡುಕಿ, ಇರುವ ಆ ಒಂದಿಷ್ಟು ಕೆಂಪನ್ನು ಕಾಣದೆ ಹಿಂದಿರುಗುವರಲ್ಲವೇ? ಟೀಚರಮ್ಮನವರ ಮಾತು ಇಪ್ಪತ್ತು ವರ್ಷ ತಡವಾಗಿ ಅಂದು ನಮಗೆ ಅರ್ಥವಾಯಿತು.

ಊರಿಗೆ ಬಂದು ಆ ಹಾಳೆಯನ್ನು ಬದಿಗಿಟ್ಟೆವು. ಹೊಸ ಚಿತ್ರದಲ್ಲಿ ಉಳಿದಷ್ಟನ್ನು ಮಾತ್ರ ಬರೆದು, ಅಳಿದ ಕಡೆ ಕಲ್ಲಿನ ಬಣ್ಣವನ್ನೇ ಬಿಟ್ಟಿದ್ದೇವೆ. ಅಂಥ ಬೋಳು ಜಾಗವನ್ನು ಬರೆಯುವುದು ರಾಣಿಯ ಮುಖವನ್ನು ಬರೆಯುವುದಕ್ಕಿಂತ ಕಷ್ಟವೆಂದು ತಂಗಿಯು ಅನುಭವದಿಂದ ಹೇಳುತ್ತಾಳೆ. ಪುಸ್ತಕದ ಕೊನೆಯಲ್ಲಿ ಒಂದು ಖಾಲಿ ಪುಟವಿಟ್ಟು, ಆ ಮುಖ ಹೇಗಿದ್ದಿರಬಹುದೆಂದು ಮಕ್ಕಳೇ ಊಹಿಸಿ ಬರೆಯಲಿ ಎಂದು ಸೂಚಿಸಿದ್ದೇವೆ. ಪ್ರಕಾಶಕರಿಂದ ಉತ್ತರ ಇನ್ನೂ ಬಂದಿಲ್ಲ. ಅವರು ಒಪ್ಪದಿದ್ದರೆ ಮುಂಗಡದ ಹಣವನ್ನು ಹಿಂದಿರುಗಿಸಬೇಕಾದೀತು. ಅದರಲ್ಲಿ ಅರ್ಧವು ಈಗಾಗಲೇ ಬಣ್ಣಕ್ಕೂ ಪ್ರಯಾಣಕ್ಕೂ ವೆಚ್ಚವಾಗಿದೆ. ಆದರೂ ನಮ್ಮಿಬ್ಬರ ನಿಶ್ಚಯ ಬದಲಾಗಲಾರದು.

ಪ್ರಿಯ ಸೋದರಿಯರೇ, ನಿಮ್ಮಲ್ಲಿ ಕುಂಚ ಹಿಡಿಯುವವರಿದ್ದರೆ ಕೈಗೆ ಎಷ್ಟು ಅಭ್ಯಾಸ ಕೊಡುತ್ತೀರೋ ಕಣ್ಣಿಗೂ ಅಷ್ಟೇ ಕೊಡಿರಿ. ಹಳೆಯ ಚಿತ್ರಗಳ ಮುಂದೆ ತಾಳ್ಮೆಯಿಂದ ನಿಲ್ಲಿರಿ. ಡ್ರಾಯಿಂಗ್ ತರಗತಿಯ ಆ ಪಟ ಇನ್ನೂ ಅಲ್ಲಿಯೇ ಇದ್ದರೆ, ಅದರ ಮೇಲಿನ ಕಲೆಗಳನ್ನು ನಮಗಾಗಿ ಒಮ್ಮೆ ನೋಡಿರಿ.