ಹಾರದೆ ಇಳಿದ ಮಗಳು

"ಏನಾದರೂ ಮಾಡಿ, ಅವಳನ್ನು ಹಾರಲು ಮಾತ್ರ ಬಿಡಬೇಡಿ" ಎಂದು ಮೈಸೂರಿನಿಂದ ಹೊರಡುವಾಗಲೇ ನನ್ನಾಕೆ ಕಟ್ಟಪ್ಪಣೆ ಮಾಡಿದ್ದಳು. ಉನ್ನತ ವ್ಯಾಸಂಗಕ್ಕೆಂದು ಇಟಲಿಗೆ ಹೋದ ಮಗಳು ಓದಿನ ಜೊತೆಗೆ ಪ್ಯಾರಾಗ್ಲೈಡಿಂಗ್ ಕಲಿತು, ಒಬ್ಬಳೇ ಹಾರುವ ಪರವಾನಗಿಯನ್ನೂ ಪಡೆದಿದ್ದಳು. 2023ರ ಜೂನ್‌ನಲ್ಲಿ ನಾನು ನೋಡಲು ಹೋದಾಗ, "ಅಪ್ಪಾ, ಗಾರ್ಡಾ ಸರೋವರಕ್ಕೆ ಹೋಗೋಣ. ನಾನು ಹಾರೋದನ್ನ ನೀವು ನೋಡಬೇಕು" ಎಂದಳು. ನಾನು ಹೂಂಗುಟ್ಟಿದೆ. ಇಟ್ಟ ಹೆಜ್ಜೆ ಹಿಂದೆಗೆಯಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು ಬೇಡ ಎನ್ನುವುದಾದರೂ ಹೇಗೆ?

ಗಾರ್ಡಾ ಇಟಲಿಯ ಅತಿ ದೊಡ್ಡ ಸರೋವರ. ಅದರ ಪೂರ್ವ ದಡದ ಮಾಲ್ಚೆಸಿನೆ ಎಂಬ ಪುಟ್ಟ ಊರಿನಿಂದ ಮೊಂಟೆ ಬಾಲ್ಡೊ ಬೆಟ್ಟಕ್ಕೆ ಕೇಬಲ್ ಕಾರಿದೆ. ಅದು ಬುಗುರಿಯಂತಲ್ಲದಿದ್ದರೂ ಮೆಲ್ಲಗೆ ತನ್ನ ಸುತ್ತ ತಾನೇ ತಿರುಗುತ್ತ ಏರುತ್ತದೆ. ಸರೋವರ ಸಮುದ್ರಮಟ್ಟದಿಂದ 65 ಮೀಟರ್ ಎತ್ತರದಲ್ಲಿದ್ದರೆ, ಮೇಲಿನ ನಿಲ್ದಾಣ ಸುಮಾರು 1,760 ಮೀಟರ್. ನಮ್ಮ ಚಾಮುಂಡಿ ಬೆಟ್ಟವನ್ನು ಒಂದರ ಮೇಲೊಂದರಂತೆ ಐದು ಸಲ ಪೇರಿಸಿದರೂ ಅಲ್ಲಿಗೆ ಮುಟ್ಟದು! ಕೆಳಗೆ ಬಗ್ಗಿ ನೋಡಿದ ನನ್ನ ಕಾಲು ನಡುಗಿತು.

ಅಲ್ಲಿಯ ಗಾಳಿಗೆ ವೇಳಾಪಟ್ಟಿಯಿದೆ ಎಂದಳು ಮಗಳು. ಬೆಳಿಗ್ಗೆ ಉತ್ತರದಿಂದ ಬೀಸುವುದು 'ಪೆಲೇರ್'. ಬಿಸಿಲೇರಿ ಉತ್ತರದ ಕಣಿವೆಗಳು ಕಾದಾಗ ಅಲ್ಲಿನ ಗಾಳಿ ಮೇಲೇಳುತ್ತದೆ. ಆ ಜಾಗ ತುಂಬಲು ಮಧ್ಯಾಹ್ನ ದಕ್ಷಿಣದಿಂದ ಸರೋವರದ ಮೇಲೆ ನುಗ್ಗುವುದು 'ಓರಾ'. ಹಾಯಿದೋಣಿಯವರಿಗೆ ಅದು ಹಬ್ಬ. ಪ್ಯಾರಾಗ್ಲೈಡರ್‌ಗೋ ಎಂಜಿನ್ನಿಲ್ಲ, ಅದರ ಸಹಜ ವೇಗ ಗಂಟೆಗೆ 35ರಿಂದ 40 ಕಿಲೋಮೀಟರ್. ಎದುರುಗಾಳಿ ಅದನ್ನೂ ಮೀರಿದರೆ ಹಾರುವವರು ಮುಂದೆ ನೋಡುತ್ತಲೇ ಹಿಂದಕ್ಕೆ ಸಾಗುತ್ತಾರೆ. ನೀರಿಗೆ ಬಿದ್ದರೆ ಬೆನ್ನಿಗಿರುವ ಮೆತ್ತೆ ತೇಲಿ ಮುಖವನ್ನು ನೀರೊಳಗೆ ಒತ್ತಬಹುದು, ದಾರಗಳು ಕಾಲಿಗೆ ಸುತ್ತಿಕೊಳ್ಳಬಹುದು.

ಮಗಳು ರೆಕ್ಕೆಯನ್ನು ಹುಲ್ಲಿನ ಮೇಲೆ ಹರಡಿ ಒಂದೊಂದೇ ದಾರ ಬಿಡಿಸಿದಳು. ನಮ್ಮ ಮುಂದೆಯೇ ಇಬ್ಬರು ನಾಲ್ಕು ಹೆಜ್ಜೆ ಓಡಿ ಹಕ್ಕಿಗಳಂತೆ ಹಾರಿಹೋದರು. ಇವಳು ಮಾತ್ರ ಗಾಳಿಚೀಲವನ್ನೂ ದೂರದ ನೀರನ್ನೂ ನೋಡುತ್ತ ನಿಂತಳು. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ನೀರಿನ ಮೇಲೆ ಬಿಳಿ ನೊರೆಯ ಗೆರೆಗಳೆದ್ದವು.

"ಅವರೆಲ್ಲ ಹೋದರಲ್ಲಮ್ಮಾ. ಇಷ್ಟು ದೂರ ಬಂದು..." ಎಂದುಬಿಟ್ಟೆ. ಹೆಂಡತಿಯ ಮಾತು ಎಲ್ಲಿ ಹೋಗಿತ್ತೋ!

"ಅವರ ಅನುಭವ ಬೇರೆ, ನಂದು ಬೇರೆ. ಇಲ್ಲಿಂದ ಏಳೋದು ಕಷ್ಟ ಅಲ್ಲಪ್ಪಾ. ಕೆಳಗೆ ಇಳಿಯೋ ಹೊತ್ತಿಗೆ ಓರಾ ಇನ್ನೂ ಜೋರಾಗಿರುತ್ತೆ. ಇವತ್ತು ಬೇಡ."

ಇಷ್ಟು ಹೇಳಿ ರೆಕ್ಕೆ ಮಡಚತೊಡಗಿದಳು. ಮುಖದಲ್ಲಿ ಅಳುಕಿರಲಿಲ್ಲ, ನಿರಾಸೆಯಿತ್ತು, ಅಷ್ಟೆ.

ನನಗೆ ಥಟ್ಟನೆ ಅವಳ ಪಿಯುಸಿ ದಿನಗಳು ನೆನಪಾದವು. ಪ್ರವೇಶ ಪರೀಕ್ಷೆಯ ದಿನ ಮೈ ಕೆಂಡದಂತೆ ಸುಡುತ್ತಿತ್ತು. "ಆಗಲ್ಲಪ್ಪಾ" ಎಂದಿದ್ದಳು. "ಎಲ್ಲರೂ ಬರೆಯುತ್ತಿಲ್ಲವೇ?" ಎಂದು ಮಾತ್ರೆ ನುಂಗಿಸಿ ಸ್ಕೂಟರ್ ಹತ್ತಿಸಿದ್ದೆ. ಪರೀಕ್ಷೆಯ ಕೊಠಡಿಯಲ್ಲಿ ತಲೆಸುತ್ತಿ ಬಿದ್ದ ಮಗಳನ್ನು ಮೂವರು ಎತ್ತಿಕೊಂಡು ಬಂದಿದ್ದರು. ಇಂದು ಬೆಟ್ಟದ ತುದಿಯಲ್ಲೂ ನನ್ನ ಬಾಯಿಂದ ಬಂದದ್ದು ಅದೇ ಮಾತು. ವ್ಯತ್ಯಾಸವಿಷ್ಟೆ, ಈಗ ಬೇಡವೆನ್ನುವುದನ್ನು ಅವಳು ಕಲಿತಿದ್ದಳು. ಅದನ್ನು ಕಲಿಸಿದವನು ನಾನಲ್ಲ.

ಕೇಬಲ್ ಕಾರಿನಲ್ಲಿ ಇಳಿಯುವಾಗ, "ಅವತ್ತು ಪರೀಕ್ಷೆಗೆ ನಿನ್ನನ್ನು ಕಳಿಸಬಾರದಿತ್ತು" ಎಂದೆ. ಅವಳು ಏನೂ ಹೇಳಲಿಲ್ಲ. ನನ್ನ ತೋಳಿಗೆ ತಲೆಯಾನಿಸಿದಳು.

ಮರುದಿನ ಮಳೆ. ಹಾರಾಟವಿಲ್ಲದೆಯೇ ಮರಳಿದೆವು. ರೈಲಿನಲ್ಲಿ ಅವಳು ತನ್ನ ಹಾರಾಟದ ದಾಖಲೆ ಪುಸ್ತಕ ತೆರೆದು ಬರೆದಳು: "ಮೊಂಟೆ ಬಾಲ್ಡೊ. ಗಾಳಿ ಹೆಚ್ಚು. ಹಾರಲಿಲ್ಲ." ಮೂವತ್ತು ವರ್ಷ ಅಂಕಪಟ್ಟಿ ತುಂಬಿದವನು ನಾನು. ಇಂಥದ್ದಕ್ಕೆ ಅಂಕ ಕೊಡುವ ಕಾಲಂ ಅದರಲ್ಲಿ ಇರಲೇ ಇಲ್ಲ.